ಗ್ಯಾಸ್ ಕನೆಕ್ಷನ್ ಎಷ್ಟು ಅಂತ ಗೊತ್ತು, ದಾಸ್ತಾನು ಎಷ್ಟು ದಿನಕ್ಕೆ? ಪೆಟ್ರೋಲಿಯಂ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ಸಚಿವರಿಗೆ,

ನಮಸ್ಕಾರ.

ಮಂಗಳೂರಿನಲ್ಲಿ ನೆಲದಡಿಯ ಬಂಡೆ ಕೊರೆದು ಅಡುಗೆ ಅನಿಲ ತುಂಬಿಡುವ ಗುಹೆಯೊಂದು ಸಿದ್ಧವಾಗಿದೆ. 80,000 ಟನ್ ಹಿಡಿಯುತ್ತದೆ. ದೇಶದಲ್ಲೇ ಅತಿ ದೊಡ್ಡದು ಅಂತ ಸುದ್ದಿಯೂ ಆಯಿತು. ಸಂತೋಷದ ವಿಷಯವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ದೇಶ ಒಂದು ವರ್ಷಕ್ಕೆ ಉರಿಸುವ ಎಲ್‌ಪಿಜಿ ಸುಮಾರು 3.1 ಕೋಟಿ ಟನ್. ದಿನಕ್ಕೆ ಹೆಚ್ಚುಕಮ್ಮಿ 85,000 ಟನ್. ಅಂದರೆ ಈ ಗುಹೆ ಬಾಯಿತನಕ ತುಂಬಿದ್ದರೂ ದೇಶಕ್ಕೆ ಒಂದು ದಿನ ಸಾಲದು. ವಿಶಾಖಪಟ್ಟಣದಲ್ಲಿರುವ 60,000 ಟನ್ನಿನ ಹಳೆಯ ಗುಹೆಯನ್ನು ಸೇರಿಸಿದರೂ ಎರಡು ದಿನ ಆಗುವುದಿಲ್ಲ.

ಬಂದರಿನ ಟ್ಯಾಂಕುಗಳಲ್ಲಿ, ರಿಫೈನರಿಗಳಲ್ಲಿ, ಬಾಟ್ಲಿಂಗ್ ಪ್ಲಾಂಟುಗಳಲ್ಲಿ ಇನ್ನಷ್ಟು ಇರುತ್ತದೆ, ಒಪ್ಪುತ್ತೇನೆ. ಆದರೆ ಅದು ಓಡಾಟದ ಮಾಲು, ಆಪತ್ತಿಗೆ ಅಂತ ಎತ್ತಿಟ್ಟಿದ್ದಲ್ಲ. ಹಡಗು ಬರುತ್ತದೆ, ಇಳಿಸುತ್ತಾರೆ, ಸಿಲಿಂಡರ್ ತುಂಬುತ್ತಾರೆ, ಲಾರಿ ಹೊರಡುತ್ತದೆ. ಹಡಗು ತಡವಾದರೆ ಈ ಸರಪಳಿ ಪೂರ್ತಿ ತಡವಾಗುತ್ತದೆ.

ಮತ್ತೆ ಆ ಹಡಗು ಎಲ್ಲಿಂದ ಬರುತ್ತದೆ? ನಾವು ಬಳಸುವ ಎಲ್‌ಪಿಜಿಯಲ್ಲಿ ನೂರಕ್ಕೆ 60ರಷ್ಟು ಆಮದು. ಅದರಲ್ಲಿ ಬಹುಪಾಲು ಬರುತ್ತಾ ಬಂದಿರುವುದು ಕೊಲ್ಲಿ ದೇಶಗಳಿಂದ, ಹೊರ್ಮುಜ್ ಜಲಸಂಧಿ ದಾಟಿ. ತೀರಾ ಕಿರಿದಾದ ಕಡೆ ಅದರ ಅಗಲ 33 ಕಿಲೋಮೀಟರ್. ಜಗತ್ತು ಉರಿಸುವ ಎಣ್ಣೆಯ ಐದರಲ್ಲಿ ಒಂದು ಪಾಲು ದಾಟುವ ದಾರಿಯೂ ಅದೇ. ನಮ್ಮದಲ್ಲದ ಜಗಳಕ್ಕೆ ಆ ದಾರಿ ಕಟ್ಟಿಕೊಂಡರೆ ಪೆಟ್ಟು ಮಾತ್ರ ನಮ್ಮ ಒಲೆಗೆ. ಅಮೆರಿಕದಿಂದಲೂ 2026ನೇ ವರ್ಷಕ್ಕೆ 22 ಲಕ್ಷ ಟನ್ ತರುವ ಒಪ್ಪಂದ ಆಗಿದೆ, ಒಳ್ಳೆಯದು. ಆದರೆ ಅದು ಆಮದಿನ ಹತ್ತರಲ್ಲಿ ಒಂದು ಪಾಲಿನಷ್ಟು, ಅಷ್ಟೇ.

ಉಜ್ವಲಾ ಯೋಜನೆಯನ್ನು ಹಳಿಯಲು ನಾನು ಬರೆಯುತ್ತಿಲ್ಲ. 2016ರ ಮೇ ತಿಂಗಳಿಂದ ಈಚೆಗೆ 10 ಕೋಟಿಗೂ ಹೆಚ್ಚು ಮನೆಗೆ ಗ್ಯಾಸ್ ಹೋಗಿದೆ, ಅಷ್ಟು ಹೆಂಗಸರ ಕಣ್ಣಿಗೆ ಹೊಗೆ ತಪ್ಪಿದೆ. ಅದು ದೊಡ್ಡ ಕೆಲಸ. ನನ್ನ ತಕರಾರು ಬೇರೆ. ಒಟ್ಟು ಕನೆಕ್ಷನ್ 33 ಕೋಟಿ ಹತ್ತಿರ ಆಯಿತು ಅಂತ ಪ್ರತಿ ಭಾಷಣದಲ್ಲೂ ಹೇಳುತ್ತೀರಿ, ಆದರೆ ಈ 33 ಕೋಟಿ ಒಲೆಗಳು ಹೊರಗಿನಿಂದ ಹಡಗು ಬರದಿದ್ದರೆ ಎಷ್ಟು ದಿನ ಉರಿಯುತ್ತವೆ ಅಂತ ಯಾರೂ ಹೇಳುವುದಿಲ್ಲ. ಜನರಿಗೆ ಬೇರೆ ದಾರಿಯೂ ಉಳಿದಿಲ್ಲ, ಅಲ್ವಾ? ರೇಷನ್ ಅಂಗಡಿಯ ಸೀಮೆಎಣ್ಣೆ ಬಹುತೇಕ ಕಡೆ ನಿಂತಿದೆ. ಸೌದೆ ಒಲೆ ಇದ್ದ ಜಾಗದಲ್ಲಿ ಕಟ್ಟೆ ಕಟ್ಟಿ ಟೈಲ್ಸ್ ಹಾಕಿಸಿದ್ದಾರೆ. ಹಿಂದೆ ಮಲೆನಾಡಿನ ಬಡವನೂ ಮಳೆಗಾಲಕ್ಕೆ ಮುಂಚೆ ಸೌದೆ ಒಟ್ಟಿಕೊಳ್ಳುತ್ತಿದ್ದ. ಇಡೀ ದೇಶದ ಒಲೆಯ ಜವಾಬ್ದಾರಿ ಹೊತ್ತ ಸರ್ಕಾರ ಒಟ್ಟಿಕೊಂಡಿರುವುದು ಎರಡು ದಿನಕ್ಕೂ ಸಾಲದಷ್ಟು.

ಕಚ್ಚಾ ತೈಲದ ಕಥೆ ಇದಕ್ಕಿಂತ ಪರವಾಗಿಲ್ಲ, ಆದರೆ ನೆಮ್ಮದಿಯಾಗಿ ಕೂರುವಂತೆಯೂ ಇಲ್ಲ. ವಿಶಾಖಪಟ್ಟಣ, ಮಂಗಳೂರು, ಉಡುಪಿ ಜಿಲ್ಲೆಯ ಪಾದೂರು ಮೂರೂ ಕಡೆಯ ಗುಹೆಗಳು ಸೇರಿ 53.3 ಲಕ್ಷ ಟನ್. ಸರ್ಕಾರದ್ದೇ ಲೆಕ್ಕದ ಪ್ರಕಾರ ಪೂರ್ತಿ ತುಂಬಿದ್ದರೆ ಒಂಬತ್ತೂವರೆ ದಿನಕ್ಕೆ ಸಾಕು. ತೈಲ ಕಂಪನಿಗಳ ದಾಸ್ತಾನು ಸೇರಿಸಿ 74 ದಿನ ಅಂತ ಸಂಸತ್ತಿಗೆ ಹೇಳಿದ್ದೀರಿ. ಅಂತರರಾಷ್ಟ್ರೀಯ ಇಂಧನ ಸಂಸ್ಥೆ ತನ್ನ ಸದಸ್ಯ ದೇಶಗಳಿಗೆ ಹಾಕಿರುವ ಗೆರೆ 90 ದಿನದ ಆಮದಿನಷ್ಟು.

ಈ ಗುಹೆಗಳು ಎಷ್ಟು ಚೆನ್ನಾದ ವ್ಯವಸ್ಥೆ ಅಂತ ಜನರಿಗೆ ಗೊತ್ತೇ ಇಲ್ಲ. ಒಳಗೆ ಉಕ್ಕಿನ ತಗಡಿಲ್ಲ. ಬಂಡೆಯ ಸಂದಿಗಳಲ್ಲಿರುವ ಅಂತರ್ಜಲದ ಒತ್ತಡವೇ ಎಣ್ಣೆಯನ್ನು ಒಳಕ್ಕೆ ಅದುಮಿ ಹಿಡಿಯುತ್ತದೆ. ಲಾಭವೂ ಕಣ್ಣಮುಂದಿದೆ. 2020ರ ಏಪ್ರಿಲ್-ಮೇನಲ್ಲಿ ಎಣ್ಣೆ ಬೆಲೆ ಬ್ಯಾರೆಲ್‌ಗೆ 19 ಡಾಲರ್ ಆಸುಪಾಸಿಗೆ ಬಿದ್ದಾಗ ಇವನ್ನು ತುಂಬಿಸಿದ್ದರಿಂದ 5,000 ಕೋಟಿ ರೂಪಾಯಿಗೂ ಜಾಸ್ತಿ ಉಳಿಯಿತು ಅಂತ ಸರ್ಕಾರವೇ ಹೇಳಿದೆ. ಹಾಗಿದ್ದ ಮೇಲೆ, 2021ರ ಜುಲೈನಲ್ಲಿ ಒಪ್ಪಿಗೆ ಸಿಕ್ಕ ಒಡಿಶಾದ ಚಂಡಿಖೋಲ್ ಗುಹೆ ಮತ್ತು ಪಾದೂರು ಎರಡನೇ ಹಂತ ಯಾಕೆ ಇಷ್ಟು ನಿಧಾನ? ಖಾಸಗಿಯವರು ದುಡ್ಡು ಹಾಕಲಿ ಅಂತ ಕಾಯುವ ಕೆಲಸವೇ ಇದು? ಗಡಿ ಕಾಯುವುದಕ್ಕೆ ಹಾಗೆ ಕಾಯುತ್ತೀರಾ?

ನೆಲದಿಂದ ಜಾಸ್ತಿ ಎಣ್ಣೆ ತೆಗೆದು ಸರಿಮಾಡಿಕೊಳ್ಳುತ್ತೇವೆ ಅನ್ನುವ ಮಾತನ್ನು ದಯವಿಟ್ಟು ಇನ್ನು ಬಿಡಿ. ಆಮದಿನ ಅವಲಂಬನೆಯನ್ನು 2022ರೊಳಗೆ 67 ಪರ್ಸೆಂಟಿಗೆ ಇಳಿಸುವ ಗುರಿಯನ್ನು 2015ರಲ್ಲಿ ಇಟ್ಟುಕೊಂಡಿದ್ದೆವು. ಆಗ 77 ಇತ್ತು, ಈಗ 85 ದಾಟಿದೆ. 2011-12ರಲ್ಲಿ ಸುಮಾರು 3.8 ಕೋಟಿ ಟನ್ ತೆಗೆಯುತ್ತಿದ್ದ ದೇಶ ಈಗ 2.9 ಕೋಟಿ ಟನ್ನಿಗೆ ಬಂದಿದೆ. ಮುಂಬೈ ಕಡಲಿನ ಬಾಂಬೆ ಹೈನಲ್ಲಿ ಎಣ್ಣೆ ಸಿಕ್ಕಿದ್ದು 1974ರಲ್ಲಿ. ಅರ್ಧ ಶತಮಾನ ಹಿಂಡಿದ ಬಾವಿ ಅದು. ಹೊಸ ಬಾವಿ ಹುಡುಕಿ, ಬೇಡ ಅನ್ನುವುದಿಲ್ಲ, ಆದರೆ ಸಿಗುವ ತನಕ ಏನು?

ಇನ್ನೊಂದು ವಿಷಯ, ಇದು ನಿಮ್ಮ ಖಾತೆಗೆ ಸೇರಿದ್ದಲ್ಲ ಅಂತ ತಳ್ಳಿಹಾಕಬೇಡಿ. ಗ್ಯಾಸ್ ಸಿಗದಿದ್ದರೆ ಜನ ಇಂಡಕ್ಷನ್ ಸ್ಟವ್ ತರುತ್ತಾರೆ. ಒಂದು ಸ್ಟವ್ ಅಂದರೆ ಒಂದೂವರೆ, ಎರಡು ಕಿಲೋವಾಟ್. ಹಳ್ಳಿಯ 63 ಕೆವಿಎ ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲೆ 50 ಮನೆಗಳು ಸಂಜೆ ಏಳಕ್ಕೆ ಒಟ್ಟಿಗೆ ಸ್ಟವ್ ಹಚ್ಚಿದರೆ ಅದೊಂದೇ 75 ಕಿಲೋವಾಟ್. ಟಿಸಿ ಸುಡುತ್ತದೆ. ಆಮೇಲೆ ಗ್ಯಾಸೂ ಇಲ್ಲ, ಕರೆಂಟೂ ಇಲ್ಲ, ಬೋರ್‌ವೆಲ್ ನೀರೂ ಇಲ್ಲ. 2012ರ ಜುಲೈ 30ರಂದು, ಲೋಡು ಮಿತಿಮೀರಿದ್ದ ಹೊತ್ತಿನಲ್ಲಿ ಬೀನಾ–ಗ್ವಾಲಿಯರ್ ಲೈನ್ ಒಂದು ಟ್ರಿಪ್ ಆಗಿ ಉತ್ತರದ ಗ್ರಿಡ್ ಪೂರ್ತಿ ಮಲಗಿತು. ಮರುದಿನ ಮತ್ತೆ ಮೂರು ಗ್ರಿಡ್ ಕೂತು 60 ಕೋಟಿಗೂ ಹೆಚ್ಚು ಜನರಿರುವ ರಾಜ್ಯಗಳು ಕತ್ತಲಾದವು. ಗ್ಯಾಸಿನ ಕೊರತೆ ಹಾಗೇ ಜಾರಿ ಕರೆಂಟಿನ ತಂತಿ ಮೇಲೆ ಬೀಳುತ್ತದೆ ಅನ್ನುವುದನ್ನು ನೀವೂ ವಿದ್ಯುತ್ ಸಚಿವರೂ ಒಂದೇ ಮೇಜಿನಲ್ಲಿ ಕೂತು ಯೋಚಿಸಬೇಕು.

ಮಾಡಲಾಗದ ಕೆಲಸವೇನಲ್ಲ ಇದು. ಜಪಾನಿಗೂ ಎಲ್‌ಪಿಜಿ ಹೊರಗಿನಿಂದಲೇ ಬರಬೇಕು. ಅಲ್ಲಿ ಸರ್ಕಾರ 50 ದಿನದ ಆಮದಿನಷ್ಟು ಎತ್ತಿಡುತ್ತದೆ, ಆಮದು ಕಂಪನಿಗಳು ಇನ್ನೂ 40 ದಿನದಷ್ಟು ಇಡಬೇಕು ಅಂತ ಕಾನೂನೇ ಇದೆ. ನಮ್ಮಲ್ಲಿ ಅಂಥ ಕಾನೂನು ತನ್ನಿ. ಮೊದಲು 15 ದಿನ, ಆಮೇಲೆ 30, ಹೀಗೆ ವರ್ಷ ನಮೂದಿಸಿ ತನ್ನಿ. ಸಗಣಿ, ಕಬ್ಬಿನ ಮಡ್ಡಿ, ಊರ ಕಸದಿಂದ ಗ್ಯಾಸ್ ಮಾಡಲು 2018ರಲ್ಲಿ ಶುರುಮಾಡಿದ ಸತತ್ ಯೋಜನೆ 5,000 ಘಟಕಗಳ ಗುರಿಯ ಹತ್ತಿರಕ್ಕೂ ಹೋಗಿಲ್ಲ. ಅದು ಎಲ್ಲಿ ಸಿಕ್ಕಿಕೊಂಡಿದೆ, ಸಾಲದಲ್ಲೋ, ಖರೀದಿ ದರದಲ್ಲೋ, ಪೈಪ್‌ಲೈನಿನಲ್ಲೋ, ಬಿಚ್ಚಿ ಹೇಳಿ.

ಇದೆಲ್ಲಕ್ಕೂ ಮುಂಚೆ, ದುಡ್ಡು ಖರ್ಚಿಲ್ಲದ ಒಂದು ಕೆಲಸ ಮಾಡಿ. ದೇಶದಲ್ಲಿ ಇವತ್ತು ಎಷ್ಟು ದಿನದ ಎಲ್‌ಪಿಜಿ ಇದೆ, ಅದರಲ್ಲಿ ಓಡಾಟದ ಮಾಲು ಎಷ್ಟು, ಆಪತ್ತಿಗೆ ಇಟ್ಟಿದ್ದು ಎಷ್ಟು ಅಂತ ಪ್ರತಿ ತಿಂಗಳ ಒಂದನೇ ತಾರೀಕು ಪ್ರಕಟಿಸಿ. ಸಿಲಿಂಡರ್ ದರ ಹೇಗೂ ಅವತ್ತೇ ಬರುತ್ತದೆ, ಅದರ ಪಕ್ಕದಲ್ಲೇ ಹಾಕಿ.

ಇಂತಿ,
ಒಬ್ಬ ಮತದಾರ