21ನೇ ದಿನದ ಲೆಕ್ಕ ತಿದ್ದಿದವರಿಗೆ

ಕಳೆದ ಭಾನುವಾರ ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ಮಗಳ ನಾಮಕರಣ ನಡೆಯಿತು. ಬಂದವರಿಗೆ ತಾಂಬೂಲ ಕೊಡುವಾಗ ಹೇಳಬೇಕೆಂದುಕೊಂಡಿದ್ದ ಮಾತು ಆ ಗದ್ದಲದಲ್ಲಿ ಉಳಿದುಹೋದ ಕಾರಣ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಕೃತಜ್ಞತೆ ಲ್ಯಾಬಿನಲ್ಲಿ ರಕ್ತ ತೆಗೆಯುವ ಹುಡುಗಿಗೆ. ಮದುವೆಯಾಗಿ ಮೂರು ವರ್ಷ ಕಳೆದ ಮೇಲೆ ನಾವು ತೋರಿಸಿಕೊಂಡ ಒಂದು ಆಸ್ಪತ್ರೆಯಲ್ಲಿ, ಮುಟ್ಟಾದ 21ನೇ ದಿನ ರಕ್ತ ಪರೀಕ್ಷೆ ಮಾಡಿಸಿ, ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ 0.6 ಇದೆ, ತೀರಾ ಕಡಿಮೆ ಎಂದು ಹೇಳಿ, ಪ್ರತಿ ತಿಂಗಳೂ 16ನೇ ದಿನದಿಂದ ಹತ್ತು ದಿನ ನುಂಗಲು ಮಾತ್ರೆ ಬರೆದುಕೊಟ್ಟಿದ್ದರು. 40 ದಿನಕ್ಕೊಮ್ಮೆ ಆಗುತ್ತಿದ್ದ ಮುಟ್ಟು, ಮಾತ್ರೆ ಮುಗಿದ ಮೂರು ನಾಲ್ಕು ದಿನಕ್ಕೇ ಆಗತೊಡಗಿದ್ದರಿಂದ ತೊಂದರೆ ವಾಸಿಯಾಗುತ್ತಿದೆ ಎಂದೇ ನಂಬಿ ಐದು ತಿಂಗಳು ಕಳೆದೆವು. ಮತ್ತೊಮ್ಮೆ ಪರೀಕ್ಷೆಗೆಂದು ಹೋದಾಗ ತೋಳಿಗೆ ರಬ್ಬರ್ ಪಟ್ಟಿ ಬಿಗಿಯುತ್ತಾ ಆ ಹುಡುಗಿ, "ಅಕ್ಕಾ, ಮಾತ್ರೆ ಇಲ್ಲದಿದ್ರೆ ನಿಮಗೆ ಎಷ್ಟು ದಿನಕ್ಕೆ ಆಗುತ್ತೆ?" ಎಂದಳು. ಹೇಳಿದೆ. "ಹಾಗಾದ್ರೆ 21ನೇ ದಿನ ನಿಮಗೆ ಬೇಗ ಆಯ್ತಲ್ಲ, ಯಾವುದಕ್ಕೂ ಇನ್ನೊಬ್ಬ ಡಾಕ್ಟರನ್ನು ಕೇಳಿ" ಎಂದಳು. ಅಷ್ಟು ದಿನ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಚಿಕ್ಕಬಳ್ಳಾಪುರದ ವೈದ್ಯೆ ಕಾಗದದ ಮೇಲೆ ಅಂಡಾಶಯದ ಚಿತ್ರ ಬರೆದು ವಿವರಿಸಿದರು. ಅಂಡ ಹೊರಬಿದ್ದ ಮೇಲೆ ಅಲ್ಲಿ ಉಳಿಯುವ ಪುಟ್ಟ ಚೀಲವೇ ಪ್ರೊಜೆಸ್ಟರಾನನ್ನು ಮುಖ್ಯವಾಗಿ ತಯಾರಿಸುವುದು. ಅಂಡೋತ್ಪತ್ತಿ ಆಗುವವರೆಗೆ ಅದು ಎಲ್ಲರಲ್ಲೂ ಕಡಿಮೆಯೇ. ಮುಂದಿನ ಮುಟ್ಟಿಗೆ ಸುಮಾರು ಒಂದು ವಾರ ಮೊದಲು ಅಳೆಯಬೇಕಾದ್ದನ್ನು, 28 ದಿನದ ಲೆಕ್ಕದಲ್ಲಿ 21ನೇ ದಿನ ಎನ್ನುತ್ತಾರೆ. 40 ದಿನದವಳಾದ ನನಗೆ ಅದು 33ನೇ ದಿನದ ಸುಮಾರಿಗೆ ಬರುತ್ತದೆ. ಮಾತ್ರೆ ನಿಲ್ಲಿಸಿದಾಗ ರಕ್ತಸ್ರಾವ ಆದರೆ ಅಂಡ ಬಿಡುಗಡೆಯಾಗಿದೆ ಎಂದು ಅರ್ಥವಲ್ಲ. ಅಂಡೋತ್ಪತ್ತಿಗೆ ಮೊದಲೇ ಆ ಮಾತ್ರೆ ನುಂಗಿದರೆ ಅದು ಅಂಡೋತ್ಪತ್ತಿಯನ್ನೇ ತಡೆಯಲೂಬಹುದು. ಮಾತ್ರೆ ಬಿಟ್ಟು 21ನೇ ದಿನ ಸ್ಕ್ಯಾನ್ ಮಾಡಿದಾಗ ಅತಿ ದೊಡ್ಡ ಫಾಲಿಕಲ್, ಅಂದರೆ ಅಂಡ ಬೆಳೆಯುವ ಚೀಲ, 11 ಮಿಲಿಮೀಟರ್ ಇತ್ತು. ಕಾಯಿಯೇ ಬಲಿಯದೆ ನಾವು ಹಣ್ಣಿನ ಸಿಹಿ ಅಳೆಯುತ್ತಿದ್ದೆವು.

ಮನೆಯಲ್ಲಿ ಇದನ್ನು ಎಲ್ಲರಿಗಿಂತ ಬೇಗ ಅರ್ಥ ಮಾಡಿಕೊಂಡವರು ಅತ್ತೆ. ನಲವತ್ತು ವರ್ಷ ರೇಷ್ಮೆ ಹುಳು ಸಾಕಿದವರು. "ಚಳಿಗಾಲದಲ್ಲಿ ಹುಳ ಹಣ್ಣಾಗೋಕೆ ದಿನ ಜಾಸ್ತಿ ಹಿಡಿಯುತ್ತೆ. ಕ್ಯಾಲೆಂಡರ್ ನೋಡ್ಕೊಂಡು ಗೂಡು ಕಟ್ಟೋ ಚಂದ್ರಿಕೆಗೆ ಬಿಡ್ತೀವಾ? ಹುಳ ನೋಡಿ ಬಿಡ್ತೀವಿ" ಎಂದರು. ಆ ದಿನದಿಂದ ಹರಕೆಯ ಮಾತೂ ನಾಟಿ ಔಷಧಿಯ ಮಾತೂ ನಿಂತುಹೋದವು. ಅದಕ್ಕಾಗಿಯೇ ಅವರಿಗೆ ಪ್ರತ್ಯೇಕವಾಗಿ ನಮಸ್ಕರಿಸಬೇಕು.

ಯಾರೂ ಹೇಳುವ ಮೊದಲೇ ತಮ್ಮ ವೀರ್ಯ ಪರೀಕ್ಷೆ ಮಾಡಿಸಿಕೊಂಡು ಬಂದ ನನ್ನ ಯಜಮಾನರು, ಅಂಡ ಬೆಳೆಯಲೆಂದು ವೈದ್ಯೆ ಬರೆದುಕೊಟ್ಟ ಲೆಟ್ರೊಜೋಲ್ ಮಾತ್ರೆ ಸ್ತನ ಕ್ಯಾನ್ಸರಿಗೆ ಕೊಡುವಂಥದ್ದು ಎಂದು ಓದಿ ಹೆದರಿದ್ದರು. ಅದು ಕೆಲಕಾಲ ಈಸ್ಟ್ರೊಜೆನ್ ತಗ್ಗಿಸುವುದರಿಂದ ಮೆದುಳು ಫಾಲಿಕಲ್ ಬೆಳೆಸುವ ಹಾರ್ಮೋನನ್ನು ಹೆಚ್ಚಿಸುತ್ತದೆ ಎಂದೂ, ಈ ಬಳಕೆಗೆ ನಮ್ಮ ದೇಶದಲ್ಲಿ 2011ರಲ್ಲಿ ಬಂದ ನಿಷೇಧ 2017ರಲ್ಲಿ ತೆರವಾಯಿತು ಎಂದೂ ವೈದ್ಯೆ ಅವರಿಗೆ ಸಮಾಧಾನದಿಂದ ಹೇಳಿದರು. 2.5 ಮಿಲಿಗ್ರಾಂಗೆ ಫಾಲಿಕಲ್ ಬೆಳೆಯಲಿಲ್ಲ. ಮುಂದಿನ ಸಲ 5 ಮಿಲಿಗ್ರಾಂ ಕೊಟ್ಟಾಗ 15ನೇ ದಿನ 19 ಮಿಲಿಮೀಟರ್ ಆಗಿತ್ತು. ಅದು ಒಡೆಯಲೆಂದು ಇಂಜೆಕ್ಷನ್ ಕೊಟ್ಟರು. ವಾರದ ಬಳಿಕ ಪ್ರೊಜೆಸ್ಟರಾನ್ 14. ಆ ಚೀಟಿಯನ್ನು ಶಿಡ್ಲಘಟ್ಟದ ಬಸ್ಸಿನಲ್ಲಿ ಮೂರು ಸಲ ಬಿಡಿಸಿ ನೋಡಿದ್ದೆ. ಆ ತಿಂಗಳು ನಿಲ್ಲಲಿಲ್ಲ, ಅದರ ಮುಂದಿನ ತಿಂಗಳೂ ಇಲ್ಲ, ಮೂರನೆಯದರಲ್ಲಿ ನಿಂತಿತು.

ಸ್ಕ್ಯಾನ್ ಇದ್ದ ದಿನಗಳಲ್ಲಿ ನನ್ನ ಮೊದಲ ತರಗತಿ ತೆಗೆದುಕೊಂಡ ಶಾಲೆಯ ಸಹೋದ್ಯೋಗಿಗಳಿಗೂ ನಾನು ಋಣಿ. ಒಂದು ದಿನವೂ ಅವರು ಎಲ್ಲಿಗೆ ಹೋಗುತ್ತೀರಿ, ಏನಾದರೂ ವಿಶೇಷವೇ ಎಂದು ಕೇಳಲಿಲ್ಲ. ಎಲ್ಲಿಗೆ ಹೋಗುತ್ತಿದ್ದೆ ಎಂದು ಈಗ ಹೇಳಿದ್ದೇನೆ.