ಪೀಣ್ಯದ ಕ್ರೋಮ್ ಅಂಗಡಿಯ ಅಣ್ಣನಿಗೆ

ಅಪ್ಪನ ಆರ್‌ಎಕ್ಸ್ 100 ಬೈಕಿನ ಮುಂದಿನ ಚಕ್ರ ಹಿಡಿದಿರುವ ಎರಡು ಪೈಪಿನ ಫೋರ್ಕ್‌ನಿಂದ ಆಯಿಲ್ ಸೋರುತ್ತಿತ್ತು. ಆಯಿಲ್ ತಡೆಯುವ ರಬ್ಬರ್ ಸೀಲ್ ಎರಡು ಸಲ ಬದಲಾಯಿಸಿದರೂ ಅದೇ ಕಥೆ. ಜೆ.ಸಿ. ರೋಡ್‌ನಲ್ಲಿ ಒರಿಜಿನಲ್ ಪೈಪ್ ಸಿಗಲಿಲ್ಲ. ಕೊನೆಗೆ ಎರಡೂ ಪೈಪ್ ಬಿಚ್ಚಿಸಿ, ಚೀಲದಲ್ಲಿ ಹಾಕಿಕೊಂಡು ಬಸ್ಸಲ್ಲಿ ಪೀಣ್ಯಕ್ಕೆ ಹೋದೆ.

ಶನಿವಾರ ಸಂಜೆ. ನೀವು ಕೈ ತೊಳೆದು ಹೊರಡುತ್ತಿದ್ದಿರಿ. ಆದರೂ ಮತ್ತೆ ಲೈಟ್ ಹಾಕಿದಿರಿ. ಮೊದಲು ಪೈಪ್ ಉರುಳಿಸಿ ಬೆಂಡ್ ಇದೆಯಾ ನೋಡಿದಿರಿ. ಆಮೇಲೆ ಕಣ್ಣು ಮುಚ್ಚಿ ಉಗುರಿನಿಂದ ಮೆಲ್ಲಗೆ ಸವರಿದಿರಿ. ಒಂದರಲ್ಲಿ, ಸೀಲ್ ಓಡಾಡುವ ಜಾಗದಲ್ಲೇ, ಸಾಸಿವೆಗಿಂತ ಸಣ್ಣ ಮೂರು ಗುಳಿ. ಉಗುರು ಸಿಕ್ಕಿಕೊಳ್ತು. ಸೀಲಿನ ಅಂಚನ್ನು ಹರಿಯುತ್ತಿದ್ದದ್ದು ಇದೇ!

ಇನ್ನೊಂದಕ್ಕೆ ತುಕ್ಕು ಮೇಲ್ತುದಿಯಲ್ಲಿ ಮಾತ್ರ. "ಇದಕ್ಯಾಕೆ ಸಾರ್ ಸುಮ್ನೆ ದುಡ್ಡು? ಸೀಲ್ ಇಲ್ಲೀವರೆಗೆ ಬರೋದೇ ಇಲ್ಲ" ಅಂದಿರಿ. ನಾನು ಎರಡಕ್ಕೂ ದುಡ್ಡು ಎಣಿಸಿಟ್ಟಿದ್ದೆ.

ಗುಳಿ ಬಿದ್ದ ಪೈಪಿನ ಹಳೇ ಕ್ರೋಮ್ ಲೇಪ ತೆಗೆದು, ಹೊಸ ಹಾರ್ಡ್ ಕ್ರೋಮ್ ಏರಿಸಿ, ಅಳತೆಗೆ ಗ್ರೈಂಡ್ ಮಾಡಿ ಕೊಟ್ಟಿರಿ. ಪೇಪರ್ ಸುತ್ತಿದ ಪೈಪ್ ಜೊತೆ ಒಂದು ತೊಳೆದ ನಂದಿನಿ ಹಾಲಿನ ಕವರ್! ಸೀಲ್ ಏರಿಸುವಾಗ ತುದಿಗೆ ಇದನ್ನು ಹಾಕಿ ಆಯಿಲ್ ಸವರಿ, ಅಂಚು ಹರಿಯಲ್ಲ ಅಂದಿರಿ.

ಹೆಸರು ಕೇಳೋದೇ ಮರೆತೆ ಅಣ್ಣ. ಮಳೆಗಾಲ ಪೂರ್ತಿ ಓಡಿಸಿದೆ, ಒಂದು ಹನಿ ಸೋರಿಲ್ಲ. ತುಂಬಾ ಥ್ಯಾಂಕ್ಸ್.