ಇಷ್ಟಂದ್ರ ಎಷ್ಟು?

ಬೀದರ,
ಎಳ್ಳ ಅಮಾಸಿ ಆದ ನಾಕನೇ ದಿನ

ನನ್ನವ್ವಾ,

ನಿಮ್ಮವ್ವನ ಆಶೀರ್ವಾದ. ಇತ್ತಕಡೆ ಎಲ್ಲಾ ಕ್ಷೇಮ, ನಿಮ್ಮಪ್ಪನ ಮೊಳಕಾಲ ನೋವೊಂದು ಬಿಟ್ರ. ಥಂಡಿಗಿ ಅದು ಹೆಚ್ಚೇ ಆಗ್ತದ, ಚಿಂತಿ ಮಾಡಬ್ಯಾಡ.

ಭಜ್ಜಿ ಮಾಡೂದು ಅಳತಿ ಸಹಿತ ಹೇಳು ಅಂದಿ. ಫೋನಿನ್ಯಾಗ ಹೇಳ್ದೆ, ನೀ ಬರಕೊಂಡಿಲ್ಲ ಅಂತ ನನಗ ಗೊತ್ತದ. ವಾಟ್ಸ್ಯಾಪಿನ್ಯಾಗ ಮಾತಾಡಿ ಕಳಸು ಅಂದಿ. ಏಳು ನಿಮಿಷ ಮಾತಾಡ್ದೆ, ಕಡೀಕ ಬಟ್ಟು ಜಾರಿ ಅಷ್ಟೂ ಹೋತು. ಅದಕ್ಕ ಈ ಕಾಗದ. ಕಾಗದ ಆದ್ರ ಒಲಿ ಬಾಜೂ ಇಟ್ಕೊಂಡು ಓದಲಾಕ ಬರ್ತದ, ಎಣ್ಣಿ ಸಿಡದ್ರೂ ನಡೀತದ.

ಭಜ್ಜಿಗಿ ಆಮ್ಯಾಲ ಬರ್ತೀನಿ. ಮೊದಲ ಆ ಶುಕ್ತೋ, ಬಂಗಾಲದವರ ಕಹಿ ಪಲ್ಯದ ಸುದ್ದಿ. ಪುಣೆದಾಗ ನಾಕು ಮಂದಿ ಹುಡಗ್ಯಾರು ಐತವಾರಕ್ಕೊಬ್ಬರಂತ ತಮ್ಮ ತಮ್ಮ ಮನಿ ಅಡಗಿ ಮಾಡ್ತೀರಿ, ಒಬ್ಬರದ್ದು ಒಬ್ಬರು ಕಲೀತೀರಿ, ಇದು ನನಗ ಭಾಳ ಛಲೋ ಅನಸ್ತು. ಖರೇ, ಆ ಬಂಗಾಲಿ ಹುಡುಗಿ ಕಲಿಸಿದ ಶುಕ್ತೋ ಮರುವಾರ ನೀ ಮಾಡ್ದಿ, ಅದರಾಗ ಬಳ್ಳೊಳ್ಳಿ ಒಗ್ಗರಣಿ ಕೊಟ್ಟು, ಎರಡು ಚಮಚ ಮಸಾಲಿ ಖಾರ ಹಾಕಿ, "ಅವ್ವಾ, ಸಪ್ಪಗಿತ್ತು, ಸುಧಾರಿಸ್ದೆ" ಅಂತ ನಕ್ಕಿ. ಅಕಿ ಏನಂದ್ಳು ಅಂತ ಕೇಳಿದ್ರ, "ಏನೂ ಅನಲಿಲ್ಲ, ಸುಮ್ನ ಉಂಡ್ಳು" ಅಂದಿ.

ಆ "ಏನೂ ಅನಲಿಲ್ಲ" ಕೇಳಿ ನನಗ ಒಂಥರಾ ಆತು. ಯಾಕಂದ್ರ ನಾನೂ ಹಂಗೇ ಮಾಡಿದಾಕಿ.

ನೀ ಆಗ ಮೂರನೇತ್ತ ಓದ್ತಿದ್ದಿ. ಬಾಜೂ ಮನಿಗಿ ಏರ್‌ಫೋರ್ಸಿನವರು ಬಾಡಗಿಗಿ ಬಂದಿದ್ರು, ಪಾಲಕ್ಕಾಡ ಕಡಿಯವರು. ಗಂಡ ಡ್ಯೂಟಿಗಿ ಹೋದ ಮ್ಯಾಲ ಅಕಿ ಒಬ್ಬಾಕಿನೇ. ಅಕಿಗಿ ಕನ್ನಡ ಬರ್ತಿದ್ದಿಲ್ಲ, ನನಗ ಮಲಯಾಳಂ ಬರ್ತಿದ್ದಿಲ್ಲ, ಇಬ್ಬರದೂ ಹಿಂದಿ ಹರಕು-ಮುರಕು. ನೀವೆಲ್ಲಾ ಚೇಚಿ, ಅಂದ್ರ ಅಕ್ಕ, ಅಂತಿದ್ರಿ, ನಾನೂ ಚೇಚಿನೇ ಅಂದೆ. ಒಂದಿನ ಅವಿಯಲ್ ಮಾಡಿ ಡಬ್ಬಿ ತುಂಬಿ ಕೊಟ್ಳು. ಸುವರ್ಣಗಡ್ಡಿ, ಬಾಳಿಕಾಯಿ, ನುಗ್ಗಿಕಾಯಿ, ಎಲ್ಲಾ ಉದ್ದುದ್ದ ಹೆಚ್ಚಿ, ಕೊಬ್ಬರಿ-ಜೀರಗಿ-ಹಸಿ ಮೆಣಸಿನಕಾಯಿ ತರಿತರಿ ಅರದು, ಮೊಸರು ಹಾಕಿದ್ದು. ಒಗ್ಗರಣಿ ಇಲ್ಲ. ಕಡೀಕ ಕೊಬ್ಬರೆಣ್ಣಿ ಕಾಸದೇ ಹಂಗೇ ಮ್ಯಾಲ ಸುರುವಿ, ಕರಿಬೇವು ಹಾಕಿ ಮುಚ್ಚಿಬಿಡೂದು. ನಮ್ಮ ಬೀದರದಾಗ ಕೊಬ್ಬರೆಣ್ಣಿ ಅಂದ್ರ ತಲಿಗಿ ಹಚ್ಚೂದು. ನಿಮ್ಮಪ್ಪ ಒಂದು ತುತ್ತು ಬಾಯಾಗಿಟ್ಟು, "ತಲಿ ಹಿಕ್ಕೊಂಡು ಅಡಗಿ ಮಾಡ್ಯಾಳೇನು" ಅಂದಿದ್ರು. ನೀ ನಗಲಾಕ ಹತ್ತಿದ್ದಿ, ನೆನಪದ ಏನು?

ನಾ ಕೇಳಿ ಕಲ್ತೆ. ಕಲ್ತು ಮಾಡ್ದೆ. ಮಾಡುವಾಗ ಕೈ ಕೇಳಲಿಲ್ಲ ನೋಡು. ಕೊಬ್ಬರೆಣ್ಣಿ ಬಿಟ್ಟು ಶೇಂಗಾ ಎಣ್ಣಿ ಕಾಸಿ, ಸಾಸಿವಿ, ಬಳ್ಳೊಳ್ಳಿ, ಉಳ್ಳಾಗಡ್ಡಿ, ಅರಿಶಿಣ, ಮಸಾಲಿ ಖಾರ, ಮ್ಯಾಲ ಒಂದು ಮುಟಗಿ ಶೇಂಗಾ ಪುಡಿ. ಘಮ್ಮಂತಿತ್ತು. ಅಕಿ ಕೊಟ್ಟ ಡಬ್ಬಿಯಾಗೇ ತುಂಬಿ ಒಯ್ದು ಕೊಟ್ಟೆ. ಖಾಲಿ ಡಬ್ಬಿ ತಿರುಗಿ ಕೊಡಬಾರದಲ್ಲ. ಅಕಿ ನಿಂತಲ್ಲೇ ಬಟ್ಟಿನ್ಯಾಗ ತಗದು ನೆಕ್ಕಿ, ಕಣ್ಣರಳಿಸಿ, "ಬಹುತ್ ಅಚ್ಛಾ! ಯೇ ಕ್ಯಾ ಹೈ, ದೀದೀ?" ಅಂದ್ಳು.

ನಾ ಏನ್ ಹೇಳ್ಲಿ? "ಬದನಿಕಾಯಿ ಪಲ್ಯ ಥರಾ ಒಂದು" ಅಂದೆ. ಅದರಾಗ ಬದನಿಕಾಯಿನೇ ಇದ್ದಿದ್ದಿಲ್ಲ.

ರುಚಿ ಕೆಟ್ಟಿತ್ತು ಅಂತಲ್ಲ. ಅದು ಅವಿಯಲ್ ಇದ್ದಿದ್ದಿಲ್ಲ, ಅಷ್ಟೇ. ಅಕಿ ಮನಿಯಿಂದ ಬಂದದ್ದನ್ನ ನಾ ನಮ್ಮನಿ ಪಲ್ಯ ಮಾಡಿ ಅಕಿಗೇ ತಿರುಗಿ ಕೊಟ್ಟಿದ್ದೆ. ಅವತ್ತಿನಿಂದ ಒಂದು ರೂಢಿ ಮಾಡ್ಕೊಂಡೀನಿ. ಮಂದಿ ಅಡಗಿ ಮೊದಲ ಸಲ ಅವರು ಹೇಳಿದಂಗೇ ಮಾಡೂದು, ಕೈ ಎಷ್ಟು ತುರಿಸಿದ್ರೂ. ಎರಡನೇ ಸಲ ಬೇಕಾದ್ರ ನಮ್ಮ ಖಾರ ಹಾಕೂದು. ಶುಕ್ತೋ ಕಹಿನೇ ಇರಬೇಕಂತ, ಹಾಗಲಕಾಯಿ ಹಾಕಿ, ಉಳ್ಳಾಗಡ್ಡಿ ಬಳ್ಳೊಳ್ಳಿ ಇಲ್ಲದಂಗ, ಊಟಕ್ಕ ಮೊದಲನೇ ತುತ್ತಿಗಿ ಉಣ್ಣೂದು. ನಾವು ಯುಗಾದಿಗಿ ಬೇವು ಮೊದಲು ತಿನ್ನೂದಿಲ್ಲೇನು? ಅದಕ್ಕ ಯಾರರೇ ಮಸಾಲಿ ಖಾರ ಹಚ್ಚಿ ಸುಧಾರಿಸಿದ್ರ ನಿಮ್ಮ ಆಯಿ ಏನಂತಿದ್ಳೋ.

ಈಗ ಭಜ್ಜಿ. ಮೊದಲೇ ಹುಡಗ್ಯಾರಿಗಿ ಹೇಳಿಬಿಡು, ಭಜ್ಜಿ ಅಂದ್ರ ಮಿರ್ಚಿ ಭಜಿ ಅಲ್ಲ, ಕರಿಯೂದಲ್ಲ. ಇಲ್ಲದಿದ್ರ ಚಹಾ ಇಟ್ಕೊಂಡು ಕಾಯ್ಕೋತ ಕೂಡ್ತಾರ. ಇದು ಎಳ್ಳ ಅಮಾಸಿಗಿ ಹೊಲಕ್ಕ ಒಯ್ಯೂ ಭಜ್ಜಿ. ಐದು ಕಲ್ಲು ಪಾಂಡವರಂತ ಇಟ್ಟು, ಮ್ಯಾಲ ಜೋಳದ ದಂಟಿನ ಕೊಂಪಿ ಮಾಡಿ, ಪೂಜಿ ಮಾಡಿ, ಚರಗ ಚೆಲ್ಲಿ, ಆಮ್ಯಾಲ ಗಿಡದ ಕೆಳಗ ಕುಂತು ಸಜ್ಜಿ ರೊಟ್ಟಿ ಸಂಗಟ ಉಣ್ಣೂದು. ಲಾತೂರ, ಉಸ್ಮಾನಾಬಾದ (ಈಗ ಧಾರಾಶಿವ) ಕಡಿನೂ ಇದೇ ಹಬ್ಬ, ಅವರು ವೇಳ ಅಮಾವಾಸ್ಯಾ ಅಂತಾರ. ಹಿಂಗಾಗಿ ಪುಣೆದಾಗ ಇದನ್ನ ಬಲ್ಲವರು ಒಬ್ಬರರೇ ಸಿಕ್ಕೇ ಸಿಗ್ತಾರ.

ನಿನ್ನಿ ಬರೇ ನಿನ್ನ ಸಲುವಾಗಿ ಮತ್ತೊಮ್ಮಿ ಮಾಡ್ದೆ. ನಾ ಹಾಕೂದು, ನಿಮ್ಮಪ್ಪ ಬರಕೊಳ್ಳೂದು ಅಂತ ಮಾತಾತು. ರಿಟೈರಾದ ಮಾಸ್ತರು, ಕೆಂಪು ಪೆನ್ನು ಹಿಡಕೊಂಡು ಕುಂತ್ರು. ನಾ ಕಾಳು ಹಾಕ್ದೆ.

"ಎಷ್ಟು?"

"ಇಷ್ಟು."

"ಇಷ್ಟಂದ್ರ ಎಷ್ಟು?"

"ನೋಡಲಾಕ ಹತ್ತೀರಲ್ಲಾ, ಇಷ್ಟು!"

ಹಾಕಿದ್ದೆಲ್ಲಾ ತಿರುಗಿ ತಗಸಿ ವಾಟಿಯಾಗ ಅಳಸಿದ್ರು. ಹಿಂಗಾಗಿ ಈ ಅಳತಿ ಪಕ್ಕಾ ಅದ. ನಾಕು ಮಂದಿಗಿ ಹಸಿ ತೊಗರಿ ಕಾಳು ಒಂದು ವಾಟಿ, ಹಸಿ ಕಡ್ಲಿ ಒಂದು ವಾಟಿ, ಬಟಾಣಿ ಮತ್ತ ಅವರಿಕಾಳು ಅರ್ಧರ್ಧ ವಾಟಿ, ನೆನಸಿದ ಶೇಂಗಾ ಒಂದು ಮುಟಗಿ. ಅಲ್ಲಿಯ ಮಂಡಈ ಬಜಾರಕ್ಕ ಹೋಗಿ ತೂರಿಚ್ಯಾ ಶೇಂಗಾ (ಹಸಿ ತೊಗರಿ ಕಾಯಿ), ಸೋಲಾಣೆ (ಹಸಿ ಕಡ್ಲಿ) ಅಂತ ಕೇಳು, ಈ ದಿನಮಾನದಾಗ ಸಿಗ್ತಾವ. ಮೆಂತ್ಯ ಒಂದು ಕಟ್ಟು, ಪಾಲಕ ಒಂದು ಕಟ್ಟು, ಚಕ್ಕೋತ ಸಿಕ್ರ ಅದೊಂದು ಕಟ್ಟು (ಅಲ್ಲಿ ಚಾಕವತ ಅಂತಾರ), ಉಳ್ಳಾಗಡ್ಡಿ ತಪ್ಪಲ ನಾಕೈದು ಎಸಳು. ಬದನಿಕಾಯಿ ಎರಡು, ಗಜ್ಜರಿ ಒಂದು. ಹಸಿ ಮೆಣಸಿನಕಾಯಿ ಹತ್ತು, ಒಂದು ಇಡೀ ಗಡ್ಡಿ ಬಳ್ಳೊಳ್ಳಿ, ಒಂದು ಚಮಚ ಜೀರಗಿ, ಇವು ಮೂರೂ ಕುಟ್ಟು, ಮಿಕ್ಸಿಯಾಗ ನುಣ್ಣಗ ಮಾಡಬ್ಯಾಡ. ಬಂಗಾಲಿ ಹುಡುಗಿ ಉಣ್ಣಾಕಿ ಇದ್ರ ಮೆಣಸಿನಕಾಯಿ ಆರು ಹಾಕು. ಇಲ್ಲ, ಹತ್ತೇ ಹಾಕು. ಅಕಿಗೂ ನಮ್ಮದು ಇದ್ದಂಗೇ ಗೊತ್ತಾಗಲಿ. ಮೊಸರು ಬಾಜೂ ಇಡು.

ಕಾಳು ಮೊದಲು ಬೇಯಲಿ, ಬಟ್ಟಿನ್ಯಾಗ ಹಿಚಕಿದ್ರ ಒಡೀಬೇಕು, ಖರೇ ಕರಗಬಾರದು. ಕುಕ್ಕರ್ ಬ್ಯಾಡ. ಆಮ್ಯಾಲ ಗಜ್ಜರಿ, ಬದನಿಕಾಯಿ, ಅವು ಮೆತ್ತಗಾದ ಮ್ಯಾಲ ತಪ್ಪಲ ಪಲ್ಯ. ಲಿಂಬಿಕಾಯಿಯಷ್ಟು ಹುಣಸಿಹಣ್ಣಿನ ರಸ, ಅರಿಶಿಣ, ಉಪ್ಪು, ಕುಟ್ಟಿದ ಖಾರ. ಕಡೀಕ ಕಡ್ಲಿ ಹಿಟ್ಟು ನಾಕು ದೊಡ್ಡ ಚಮಚ. ಇಲ್ಲೇ ನೋಡು ಎಲ್ಲಾ ಇರೂದು.

ಚೇಚಿಗಿ ಭಜ್ಜಿ ಹೇಳಿಕೊಟ್ಟಾಗ "ಕಡ್ಲಿ ಹಿಟ್ಟು ಹಾಕು" ಅಂತಷ್ಟೇ ಹೇಳಿದ್ದೆ. ಅಕಿ ಕೊತಕೊತ ಕುದಿಯೂದರಾಗ ಒಣ ಹಿಟ್ಟು ಉದುರಿಸಿದ್ಳು. ಗಂಟು ಗಂಟಾಗಿ, ಕಡಿದ್ರ ಒಳಗ ಹಸೀ ಹಿಟ್ಟು. ಅಕಿಗಿ ಬರೂದಿಲ್ಲ ಅಂತ ನಾ ಒಳಗೊಳಗೇ ಅನಕೊಂಡೆ, ಖರೇ ಹೇಳ್ತೀನಿ. ಹಿಟ್ಟು ತಣ್ಣೀರಿನ್ಯಾಗ ಕಲಸಿ ಹಾಕಬೇಕಂತ ನಾನೇ ಹೇಳಿದ್ದಿಲ್ಲ ಅನ್ನೂದು ಭಾಳ ದಿನದ ಮ್ಯಾಲ ಹೊಳೀತು. ಮುಚ್ಚಿಟ್ಟಿದ್ದಲ್ಲ, ನನ್ನ ಕೈಗಿ ಗೊತ್ತಿತ್ತು, ಬಾಯಿಗಿ ಬರಲಿಲ್ಲ. (ಬೇಕಂತಲೇ ಒಂದು ಸಾಮಾನು ಮುಚ್ಚಿಟ್ಟು ಹೇಳಾಕಿನೂ ನಮ್ಮ ಬಳಗದಾಗ ಒಬ್ಬಾಕಿ ಅದಾಳ. ಯಾರಂತ ನಿನಗ ಗೊತ್ತದ. ಅಕಿ ಹೇಳಿದ ಶೇಂಗಾ ಹೋಳಿಗಿ ನನಗ ಇವತ್ತಿಗೂ ಒಡದೇ ಹೋಗ್ತಾವ.)

ನಿನ್ನಿ ಇನ್ನೊಂದು ಆತು. ಕಲಸಿದ ಹಿಟ್ಟು ಸಣ್ಣಗ ಧಾರಿ ಬಿಟ್ಟು, ಎಡಗೈಲೆ ಸವಟು ತಿರುವಲಾಕ ಹತ್ತಿದ್ದೆ. ನಿಮ್ಮಪ್ಪ ಪೆನ್ನು ನಿಲ್ಲಿಸಿ, "ಬೋಗೋಣಿ ಯಾಕ ಕೆಳಗ ಇಳಿಸ್ದಿ?" ಅಂದ್ರು. ನೋಡ್ತೀನಿ, ಖರೇನೇ ಬೋಗೋಣಿ ಕಟ್ಟಿ ಮ್ಯಾಲದ! ಇಳಿಸಿದ್ದು ನನಗೇ ಗೊತ್ತಿಲ್ಲ. ಇಷ್ಟು ವರ್ಷ ಹಂಗೇ ಇಳಿಸ್ತಾ ಬಂದೀನೇನೋ. ನಮ್ಮವ್ವ ಕಟ್ಟಿಗಿ ಒಲಿ ಮ್ಯಾಲ ಮಾಡ್ತಿದ್ಳು. ಉರಿ ಸಣ್ಣ ಮಾಡಲಾಕ ಬರ್ತಿದ್ದಿಲ್ಲಲ್ಲ, ಅದಕ್ಕ ಬೋಗೋಣಿನೇ ಇಳಿಸ್ತಿದ್ಳು. ಗ್ಯಾಸ್ ಬಂದ್ರೂ ಅದು ನನ್ನ ಕೈಯಾಗ ಹಂಗೇ ಉಳಿದದ. ನಿಮ್ಮಪ್ಪ ಕೆಂಪು ಪೆನ್ನಿನ್ಯಾಗ ಅದಕ್ಕ ಎರಡು ಗೆರಿ ಎಳದಾರ. ನೀ ಗ್ಯಾಸ್ ಸಣ್ಣ ಮಾಡಿದ್ರೂ ನಡೀತದ, ಖರೇ ಮೊದಲ ಸಲ ಇಳಿಸೇ ನೋಡು. ಹಿಟ್ಟು ಕೂಡಿದ ಮ್ಯಾಲ ಮತ್ತ ಒಲಿಗಿ ಏರಿಸಿ ಹತ್ತು ನಿಮಿಷ ಕುದಿಸು, ಹಸಿ ವಾಸನಿ ಹೋಗಬೇಕು. ಒಗ್ಗರಣಿ ಸಾಸಿವಿ-ಜೀರಗಿದ್ದು ಸಾಕು.

ಆಯಿದ ಧಪಾಟಿನೂ ಕೇಳಿದ್ದಿ. ಆಯಿ ತವರು ಉದಗೀರ. ಅಕಿ ಹುಟ್ಟಿದಾಗ ಉದಗೀರ ಬೀದರ ಜಿಲ್ಲಾದಾಗೇ ಇತ್ತು. 1956ರಾಗ ಹೈದರಾಬಾದ ರಾಜ್ಯ ಒಡದಾಗ ಉದಗೀರ ಮುಂಬಯಿ ರಾಜ್ಯಕ್ಕ ಹೋತು, ಜಹೀರಾಬಾದ ಆಂಧ್ರಕ್ಕ, ನಾವು ಮೈಸೂರಿಗಿ. ಧಪಾಟಿ ಮಾತ್ರ ಆಯಿ ಸಂಗಟ ಇತ್ತಕಡೇ ಬಂತು. ಜೋಳದ ಹಿಟ್ಟು ಎರಡು ವಾಟಿ, ಗೋಧಿ ಹಿಟ್ಟು ಅರ್ಧ, ಕಡ್ಲಿ ಹಿಟ್ಟು ಅರ್ಧ, ಎಳ್ಳು, ಅಜವಾನ, ಕೊತಂಬ್ರಿ, ಮೆಣಸಿನಕಾಯಿ-ಬಳ್ಳೊಳ್ಳಿ ಖಾರ. ನೀರಲ್ಲ, ಮಜ್ಜಿಗಿಯಾಗ ನಾದು. ಹಸೀ ಅರಬಿ ಮ್ಯಾಲ ತಟ್ಟಿ, ನಡುವ ತೂತು ಮಾಡಿ, ಅರಬಿ ಸಮೇತ ಹಂಚಿಗಿ ಬೋರಲು ಹಾಕಿ ಅರಬಿ ಎಳ್ಕೊ. ಇದಕ್ಕ ಥಾಲಿಪೀಠ ಅಂದ್ರ ಆಯಿ ಸಿಟ್ಟಾಗ್ತಿದ್ಳು, ಅದು ಹುರದ ಹಿಟ್ಟಿಂದು, ಇದು ಹಸಿ ಹಿಟ್ಟಿಂದು ಅಂತ.

ಎದುರು ಮನಿ ಆಪಾ ತಮ್ಮ ದಾಲ್ಚಾ ಬರದು ಕೊಟ್ಟಾರ, ಉರ್ದುದಾಗ. ನಾ ಕೇಳಿ ಕನ್ನಡದಾಗ ಮಾಡೀನಿ. ನಾವು ಮಾಂಸ ಉಣ್ಣೂದಿಲ್ಲಂತ ನಮ್ಮ ಸಲುವಾಗಿ ಸೋರಿಕಾಯಿದು ಮಾಡ್ತಾರ, ಅದಕ್ಕ ಬೋಗೋಣಿನೂ ಬ್ಯಾರೆ ಇಟ್ಟಾರ. ತೊಗರಿ ಬ್ಯಾಳಿ, ಕಡ್ಲಿ ಬ್ಯಾಳಿ ಸಮ ಸಮ ಕುದಿಸಿ ಕಡೀಬೇಕು. ಸೋರಿಕಾಯಿ ದಪ್ಪ ದಪ್ಪ ಹೆಚ್ಚಿ, ಉಳ್ಳಾಗಡ್ಡಿ ಕೆಂಪಗ ಮಾಡಿ ಅದರಾಗ ಹುರದು, ಆಮ್ಯಾಲ ಬ್ಯಾಳಿಗಿ ಹಾಕೂದು. ಹುಣಸಿ ರಸ, ಪುದೀನಾ, ಗರಂ ಮಸಾಲಿ. ಸಂಗಟ ಬಗಾರಾ ಖಾನಾ, ಅದಕ್ಕ ಶಾಹಜೀರಾನೇ ಬೇಕು, ನಮ್ಮ ಜೀರಗಿ ನಡಿಯೂದಿಲ್ಲ ಅಂತ ಆಪಾ ಮೂರು ಸಲ ಹೇಳ್ಯಾರ. ಒಂದು ಪುಡಕಿ ಕಳಸ್ಯಾರ. ಬ್ಯಾಳಿ ನಾ ಕಳಸೀನಿ. ಕಲಬುರಗಿ ತೊಗರಿ ಬ್ಯಾಳಿಗಿ 2019ರಾಗ ಜಿಐ ಟ್ಯಾಗ್ ಸಿಕ್ಕದ, ನಿಮ್ಮಪ್ಪ ಅದನ್ನ ಹೇಳದೇ ಬ್ಯಾಳಿ ಉಣ್ಣೂದಿಲ್ಲ.

ನಾನಕ ಝೀರಾ ಗುರುದ್ವಾರದ ದಾಲ್ ಬ್ಯಾಡ, ಅದು ನಿಮ್ಮ ಒಂದುರಿ ಒಲಿಮ್ಯಾಲ ಆಗೂ ಮಾತಲ್ಲ. ಇಡೀ ಕರಿ ಉದ್ದು, ಕಡ್ಲಿ ಬ್ಯಾಳಿ, ಅಷ್ಟೇ, ಖರೇ ತಾಸುಗಟ್ಟಲೆ ಸಣ್ಣ ಉರಿಮ್ಯಾಲ ಇರಬೇಕು. ಒಮ್ಮಿ ಲಂಗರಿನ್ಯಾಗ ರೊಟ್ಟಿ ಲಟ್ಟಿಸಲಾಕ ಕುಂತಾಗ ಒಬ್ಬ ಪಂಜಾಬಿ ಅಜ್ಜಿಗಿ ಕೇಳಿದ್ದೆ, ಏನ್ ಹಾಕ್ತೀರಿ ಅಂತ. "ಟೈಮ್" ಅಂದ್ಳು. ಕಡಾ ಪ್ರಸಾದ ಮಾಡು ಬೇಕಾದ್ರ: ಗೋಧಿ ಹಿಟ್ಟು, ತುಪ್ಪ, ಸಕ್ಕರಿ ಮೂರೂ ಸಮ. ನಾ ಕಲ್ತ ಅಡಗಿಯಾಗ ಯಾರಿಗಿ ಕೇಳಿದ್ರೂ ಒಂದೇ ಅಳತಿ ಹೇಳಿದ್ದು ಇದೊಂದೇ.

ಪುಣೆ ಬಸ್ಸಿಗಿ ಗಂಟು ಕಳಸಲಾಕ ಹತ್ತೀನಿ. ಜೋಳದ ಹಿಟ್ಟು ಐದು ಕಿಲೋ, ಸಜ್ಜಿ ರೊಟ್ಟಿ ಇಪ್ಪತ್ತು, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಬ್ಯಾಳಿ. ಬರೂ ಐತವಾರ ಶುಕ್ತೋ ಅಕಿ ಹೇಳಿದಂಗ ಮತ್ತೊಮ್ಮಿ ಮಾಡು. ಅಕಿ ಮಾಡುವಾಗ ಬಾಜೂ ನಿಂತು ಕೈ ನೋಡು, ಬಾಯಿ ನಂಬಬ್ಯಾಡ. ಅದಕ್ಕ ರಾಧುನಿ ಅಂತ ಒಂದು ಕಾಳು ಹಾಕ್ತಾರಂತಲ್ಲ, ಅಜವಾನದಂಗ ಕಾಣೂದು, ಅದು ಪುಣೆದಾಗ ಎಲ್ಲಿ ಸಿಗ್ತದ ಕೇಳು. ನನಗೂ ಒಂದು ಪುಡಕಿ ಬೇಕು. ನಿಮ್ಮಪ್ಪ ಆಗಲೇ ಕೆಂಪು ಪೆನ್ನು ತಗದು ಇಟ್ಕೊಂಡಾರ.

ಹಿಂಡಿ ಇಟ್ಟಿದ್ದ ಸ್ಟೀಲಿನ ಡಬ್ಬಿ ನಮ್ಮದಲ್ಲ, ಆಪಾಂದು. ಮುಚ್ಚಳದ ಒಳಗ ಅವರ ಹೆಸರು ಕೊರದದ. ಬರೂ ಮುಂದ ನೆನಪಿಟ್ಟು ತಗೊಂಡ ಬಾ. ಏನ್ ತುಂಬ್ಕೊಂಡ ಬರ್ತೀಯೋ ನಿನಗ ಬಿಟ್ಟದ್ದು.

ನಿನ್ನ
ಅವ್ವ